ಗ್ರಂಥದಿಂದ ಕಿವಿಗೆ: ಗುಸ್ತಾವ್ ಲಿಯೊನ್‌ಹಾರ್ಟ್ ಅವರ ವಾದನ ಮತ್ತು ಪಾಠಕ್ರಮ

ಪುರಂದರದಾಸರ ದೇವರನಾಮವೊಂದನ್ನು ಇಂದು ಹಾಡುವವರು ಅದನ್ನು ಯಾರೋ ಒಬ್ಬ ಗುರುವಿನಿಂದ ಕೇಳಿ ಕಲಿತಿರುತ್ತಾರೆ. ಮಟ್ಟು ಬದಲಾಗಿರಬಹುದು, ರಾಗವೇ ಬೇರೆಯಾಗಿರಬಹುದು, ಆದರೆ ಹಾಡುವ ಕೆಲಸ ನಡುವೆ ಎಲ್ಲಿಯೂ ನಿಂತಿಲ್ಲ. ಯುರೋಪಿನ ಹಾರ್ಪ್ಸಿಕಾರ್ಡ್ ವಾದನದ ಸಂಗತಿ ಹಾಗಲ್ಲ. 1800ರ ಆಸುಪಾಸಿನಲ್ಲಿ ಪಿಯಾನೊ ಅದರ ಜಾಗವನ್ನು ಪೂರ್ತಿ ಹಿಡಿಯಿತು. ವಾದ್ಯಗಳು ಅಟ್ಟ ಸೇರಿದವು, ಕೆಲವು ಸೌದೆಯಾದವು. ನುಡಿಸುವವರ ಕೊನೆಯ ತಲೆಮಾರು ಹೇಳಿಕೊಡಲು ಶಿಷ್ಯರಿಲ್ಲದೆ ತೀರಿಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ವಾದ್ಯವನ್ನು ಮತ್ತೆ ಕೈಗೆತ್ತಿಕೊಂಡವರಿಗೆ ಸ್ವರಲಿಪಿಯಿತ್ತು, ಹಳೆಯ ಲಕ್ಷಣಗ್ರಂಥಗಳಿದ್ದವು, ವಸ್ತುಸಂಗ್ರಹಾಲಯಗಳಲ್ಲಿ ತಂತಿ ಸಡಿಲಿದ ವಾದ್ಯಗಳಿದ್ದವು. ಗುರು ಮಾತ್ರ ಇರಲಿಲ್ಲ.

ಇಂಥ ಕಡಿದ ಪರಂಪರೆಯಲ್ಲಿ ವಾದಕನೊಬ್ಬ ಏನನ್ನು ಆಧಾರವಾಗಿಟ್ಟುಕೊಂಡು ಕಲಿಯುತ್ತಾನೆ? ಕಲಿತದ್ದನ್ನು ಹೇಗೆ ದಾಟಿಸುತ್ತಾನೆ? ನೆದರ್ಲೆಂಡ್ಸ್‌ನ ಗುಸ್ತಾವ್ ಲಿಯೊನ್‌ಹಾರ್ಟ್ (1928–2012) ಅವರ ವೃತ್ತಿಜೀವನವನ್ನು ಈ ಲೇಖನ ಆ ಪ್ರಶ್ನೆಗಳ ಮೂಲಕ ನೋಡುತ್ತದೆ. ಪುಸ್ತಕ ಮತ್ತು ವಾದ್ಯಗಳಿಂದ ಕಲಿತ ಈ ಮನುಷ್ಯ ತನ್ನ ವಾದನಕ್ರಮದ ಬಗ್ಗೆ ಒಂದೂ ಪಠ್ಯಪುಸ್ತಕ ಬರೆಯಲಿಲ್ಲ. ಅವರಿಂದ ಮುಂದಿನವರಿಗೆ ಸಿಕ್ಕಿದ್ದೆಲ್ಲ ಎದುರು ಕೂತು ಕಲಿತದ್ದು, ಇಲ್ಲವೆ ಧ್ವನಿಮುದ್ರಣ ಕೇಳಿ ಕಲಿತದ್ದು. ಕಾಗದದ ಮೇಲೆ ಮಾತ್ರ ಉಳಿದಿದ್ದ ವಿದ್ಯೆಯೊಂದು ಒಬ್ಬ ಶಿಕ್ಷಕನ ಆಯುಷ್ಯದೊಳಗೆ ಮತ್ತೆ ಶ್ರವಣವಿದ್ಯೆಯಾಯಿತು ಎಂಬುದು ನನ್ನ ವಾದ.

ಹಿನ್ನೆಲೆ

ಲಿಯೊನ್‌ಹಾರ್ಟ್ ಮೊದಲಿಗರಲ್ಲ. ಆರ್ನಲ್ಡ್ ಡಾಲ್ಮೆಚ್ (1858–1940) ಇಂಗ್ಲೆಂಡಿನಲ್ಲಿ ತಾವೇ ವಾದ್ಯಗಳನ್ನು ಕಟ್ಟಿ, ಮನೆಮಂದಿಯನ್ನೆಲ್ಲ ಸೇರಿಸಿಕೊಂಡು ಹಳೆಯ ಸಂಗೀತ ನುಡಿಸಿದರು. ಪೋಲೆಂಡಿನ ವಾಂಡಾ ಲಾಂಡೋವ್ಸ್ಕಾ (1879–1959) ಹಾರ್ಪ್ಸಿಕಾರ್ಡನ್ನು ದೊಡ್ಡ ಸಭಾಂಗಣಗಳಿಗೆ ತಂದರು. ಪ್ಯಾರಿಸ್ ಬಳಿಯ ಸ್ಯಾಂ ಲ ಲಾ ಫೊರೆಯಲ್ಲಿ ಶಾಲೆ ನಡೆಸಿದರು. ಆದರೆ ಅವರು ನುಡಿಸುತ್ತಿದ್ದದ್ದು ಪ್ಲೆಯೆಲ್ ಕಂಪನಿ ಪಿಯಾನೊ ತಯಾರಿಕೆಯ ರೂಢಿಯಲ್ಲಿ ಕಟ್ಟಿಕೊಟ್ಟ ವಾದ್ಯವನ್ನು. ಅದರಲ್ಲಿ ಲೋಹದ ಚೌಕಟ್ಟು, ಬಿಗಿಯಾದ ದಪ್ಪ ತಂತಿಗಳು, ಧ್ವನಿಯ ಬಣ್ಣ ಬದಲಿಸಲು ಕಾಲಿನ ಪೆಡಲುಗಳು ಎಲ್ಲವೂ ಇದ್ದವು. ಲಾಂಡೋವ್ಸ್ಕಾ ಮಹಾನ್ ಕಲಾವಿದೆ, ಅದರಲ್ಲಿ ಅನುಮಾನವಿಲ್ಲ. ಆದರೂ ಬಾಖ್‌ನ ಕಾಲದ ಕುಶಲಕರ್ಮಿಯೊಬ್ಬ ಆ ವಾದ್ಯವನ್ನು ಕಂಡಿದ್ದರೆ ತನ್ನ ಕಸುಬಿನದೆಂದು ಗುರುತಿಸುತ್ತಿದ್ದನೋ ಇಲ್ಲವೋ.

ಲಿಯೊನ್‌ಹಾರ್ಟ್ 1928ರ ಮೇ 30ರಂದು ಸ್‌ಗ್ರಾವೆಲಾಂಡ್ ಎಂಬ ಊರಿನ ಅನುಕೂಲಸ್ಥ ವ್ಯಾಪಾರಿ ಕುಟುಂಬದಲ್ಲಿ ಹುಟ್ಟಿದರು. ಮನೆಯಲ್ಲಿ ಸಂಗೀತ ದಿನನಿತ್ಯದ ಸಂಗತಿ. ಹಾರ್ಪ್ಸಿಕಾರ್ಡ್ ಅವರ ಬಾಲ್ಯದಲ್ಲೇ ಮನೆಗೆ ಬಂದಿತ್ತು. ಯುದ್ಧ ಮುಗಿದ ಮೇಲೆ, 1947ರಿಂದ 1950ರವರೆಗೆ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಸ್ಕೋಲಾ ಕಾಂಟೋರಮ್‌ನಲ್ಲಿ ಎಡುವರ್ಡ್ ಮ್ಯೂಲರ್ ಅವರಲ್ಲಿ ಆರ್ಗನ್ ಮತ್ತು ಹಾರ್ಪ್ಸಿಕಾರ್ಡ್ ಕಲಿತರು. 1933ರಲ್ಲಿ ಪೌಲ್ ಸಾಖರ್ ಸ್ಥಾಪಿಸಿದ್ದ ಆ ಸಂಸ್ಥೆಯಲ್ಲಿ ಹಳೆಯ ಸಂಗೀತದ ಸಂಶೋಧನೆ ಮತ್ತು ಅಭ್ಯಾಸ ಒಂದೇ ಮಾಡಿನ ಕೆಳಗೆ ನಡೆಯುತ್ತಿತ್ತು. ಅಲ್ಲಿಂದ ವಿಯೆನ್ನಾ. ಹೋದದ್ದು ಹಾನ್ಸ್ ಸ್ವಾರೊವ್ಸ್ಕಿ ಅವರಲ್ಲಿ ವಾದ್ಯವೃಂದ ನಿರ್ದೇಶನ ಕಲಿಯಲು. ಆದರೆ ಹೆಚ್ಚು ಹೊತ್ತು ಕಳೆದದ್ದು ಗ್ರಂಥಾಲಯದಲ್ಲಿ, ಹಳೆಯ ಸ್ವರಲಿಪಿಗಳನ್ನು ಕೈಯಲ್ಲಿ ನಕಲು ಮಾಡುತ್ತ. 1950ರಲ್ಲಿ ಅಲ್ಲಿಯೇ ಮೊದಲ ಕಛೇರಿ. ನುಡಿಸಿದ್ದು ಬಾಖ್‌ನ 'ಫ್ಯೂಗ್ ಕಲೆ', ಹಾರ್ಪ್ಸಿಕಾರ್ಡಿನ ಮೇಲೆ. 1952ರಿಂದ 1955ರವರೆಗೆ ವಿಯೆನ್ನಾ ಅಕಾಡೆಮಿಯಲ್ಲಿ ಪಾಠ ಮಾಡಿದರು. 1954ರಲ್ಲಿ ಆಮ್‌ಸ್ಟರ್‌ಡಾಮ್ ಕನ್ಸರ್ವೇಟರಿಯಲ್ಲಿ ಶುರುವಾದ ಬೋಧನೆ ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಯಿತು.

ಒಂದು ಸಣ್ಣ ಪುಸ್ತಕ

ಮೊದಲ ಕಛೇರಿಗೆ 'ಫ್ಯೂಗ್ ಕಲೆ'ಯನ್ನು ಆರಿಸಿಕೊಂಡದ್ದು ಬರೀ ಧೈರ್ಯ ಪ್ರದರ್ಶನವಲ್ಲ, ಅದೊಂದು ವಾದದ ಮಂಡನೆ. ಬಾಖ್ ತೀರಿಕೊಂಡ ಮರುವರ್ಷ, 1751ರಲ್ಲಿ, ಅಚ್ಚಾದ ಈ ಕೃತಿಯಲ್ಲಿ ಯಾವ ವಾದ್ಯಕ್ಕೆಂದು ಹೇಳಿಲ್ಲ. ಫ್ಯೂಗ್ ಎಂದರೆ ಒಂದೇ ವಸ್ತುವನ್ನು ಹಲವು ಧ್ವನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ; ಇಲ್ಲಿ ಪ್ರತಿ ಧ್ವನಿಗೂ ಪ್ರತ್ಯೇಕ ಸಾಲು ಕೊಟ್ಟು ಬರೆಯಲಾಗಿದೆ. ಇದರಿಂದ, ಇದು ಯಾವ ವಾದ್ಯದ್ದೂ ಅಲ್ಲ, ಬುದ್ಧಿಯ ಅಭ್ಯಾಸಕ್ಕೆ ಮಾತ್ರ ಬರೆದದ್ದು ಎಂಬ ನಂಬಿಕೆ ಬೆಳೆದಿತ್ತು. 1927ರಲ್ಲಿ ಲೈಪ್‌ಜಿಗ್‌ನಲ್ಲಿ ವೋಲ್ಫ್‌ಗಾಂಗ್ ಗ್ರೇಸರ್ ಸಿದ್ಧಪಡಿಸಿದ ವಾದ್ಯವೃಂದದ ರೂಪ ನುಡಿಸಲ್ಪಟ್ಟ ಮೇಲೆ ಕೃತಿ ಪ್ರಸಿದ್ಧವಾಯಿತು, ನಂಬಿಕೆಯೂ ಗಟ್ಟಿಯಾಯಿತು.

1952ರಲ್ಲಿ ಹೇಗ್‌ನಲ್ಲಿ ಪ್ರಕಟವಾದ ಲಿಯೊನ್‌ಹಾರ್ಟ್ ಅವರ ಕಿರುಪುಸ್ತಕ ಇದನ್ನು ನೇರವಾಗಿ ಎದುರಿಸಿತು. ಅವರ ಆಧಾರಗಳೆಲ್ಲ ಕೈಯಿಂದ ಮುಟ್ಟಿ ನೋಡಬಹುದಾದವು. ಕೀಲಿಮಣೆ ವಾದ್ಯಗಳ ಪ್ರೌಢ ಕೃತಿಗಳನ್ನು ಹೀಗೆ ಬಿಡಿ ಸಾಲುಗಳಲ್ಲಿ ಅಚ್ಚು ಹಾಕುವುದು ಹಳೆಯ ರೂಢಿ. ಶೈಡ್ಟ್‌ನ 1624ರ ಸಂಗ್ರಹವೂ ಫ್ರೆಸ್ಕೊಬಾಲ್ಡಿಯ 1635ರ ಸಂಗ್ರಹವೂ ಹಾಗೇ ಬಂದಿವೆ. ಬಾಖ್‌ನ ಬೇರೆ ವಾದ್ಯಮೇಳಗಳ ಸ್ವರವ್ಯಾಪ್ತಿಗೆ ಈ ಧ್ವನಿಗಳು ಹೊಂದುವುದಿಲ್ಲ. ಮೇಳದ ಕೃತಿಯಾಗಿದ್ದರೆ ಇರಬೇಕಾಗಿದ್ದ ಅಂಕಿ ಬರೆದ ಮಂದ್ರದ ಸಾಲು ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕು ಧ್ವನಿಗಳ ಇಷ್ಟು ಜಟಿಲವಾದ ಹೆಣಿಗೆ, ಕೆಲವು ಪುಟಗಳನ್ನು ಬಿಟ್ಟರೆ, ಎರಡು ಕೈಗಳ ಹತ್ತು ಬೆರಳಿಗೆ ಎಟಕುತ್ತದೆ. ವಾದ್ಯವನ್ನು ಮನಸ್ಸಿನಲ್ಲಿಡದೆ ಬರೆದವನಿಗೆ ಅಂಥ ಆಕಸ್ಮಿಕ ಒದಗುವುದಿಲ್ಲ. ಇದಕ್ಕೆ ಇನ್ನೊಂದನ್ನು ಸೇರಿಸಬಹುದು: ಕೆಲವು ಫ್ಯೂಗ್‌ಗಳ ಕೊನೆಯ ಬಾರ್‌ಗಳಲ್ಲಿ ನಾಲ್ಕು ಧ್ವನಿಗಳ ಜೊತೆಗೆ ಹೆಚ್ಚಿನ ಸ್ವರಗಳು ಬಂದು ಸೇರುತ್ತವೆ. ಕೀಲಿಮಣೆಯ ಮುಂದೆ ಕೂತವನ ಕೈಚಾಳಿ ಅದು.

ಪುಸ್ತಕದ ದುರ್ಬಲ ಭಾಗವೂ ಇದೆ. ಅರ್ಧಕ್ಕೆ ನಿಂತಿರುವ ಕೊನೆಯ ಫ್ಯೂಗ್ ಈ ಕೃತಿಗೆ ಸೇರಿದ್ದೇ ಅಲ್ಲವೆಂದು ಲಿಯೊನ್‌ಹಾರ್ಟ್ ನಿಲುವು ತಾಳಿದರು; ಧ್ವನಿಮುದ್ರಣಗಳಲ್ಲಿ ಅದನ್ನು ಬಿಟ್ಟರು. ಆದರೆ ಕೃತಿಯ ಮೂಲವಸ್ತು ಆ ಫ್ಯೂಗ್‌ನ ಮೂರು ವಸ್ತುಗಳ ಜೊತೆಗೆ ಒಟ್ಟಿಗೆ ಕೂರುತ್ತದೆ ಎಂಬುದನ್ನು ಸಂಗೀತ ವಿದ್ವಾಂಸ ನೊಟ್ಟೆಬೋಮ್ ಹತ್ತೊಂಬತ್ತನೆಯ ಶತಮಾನದಲ್ಲೇ ತೋರಿಸಿದ್ದರು. ಅದನ್ನು ಕಾಕತಾಳೀಯವೆಂದು ತಳ್ಳಿಹಾಕುವುದು ಕಷ್ಟ. ಇತರರ ಊಹೆಗಳ ಬಗ್ಗೆ ಅಷ್ಟು ಕಟ್ಟುನಿಟ್ಟಾದ ವಿದ್ವಾಂಸ ತನ್ನ ಊಹೆಯ ಬಗ್ಗೆ ಸ್ವಲ್ಪ ಉದಾರವಾದಂತೆ ಕಾಣುತ್ತದೆ.

ಬೋಧನೆಯ ದೃಷ್ಟಿಯಿಂದ ಮುಖ್ಯವಾದದ್ದು ಇದು: ಇಪ್ಪತ್ನಾಲ್ಕರ ಹರೆಯದಲ್ಲಿ ಬರೆದ ಈ ಪುಸ್ತಕದ ನಂತರ ಲಿಯೊನ್‌ಹಾರ್ಟ್ ವಾದನದ ಬಗ್ಗೆ ಕ್ರಮಬದ್ಧವಾಗಿ ಏನನ್ನೂ ಬರೆಯಲಿಲ್ಲ. ಸ್ವೇಲಿಂಕ್‌ನ ಕೀಲಿಮಣೆ ಕೃತಿಗಳನ್ನು ಸಂಪಾದಿಸಿದರು, ಬಿಡಿ ಟಿಪ್ಪಣಿಗಳನ್ನು ಬರೆದರು. ಫ್ರಾನ್ಸ್ವಾ ಕೂಪೆರಾಂನ 1716ರ ಕೈಪಿಡಿಯಂಥ, ಬಾಖ್‌ನ ಮಗ ಕಾರ್ಲ್ ಫಿಲಿಪ್ ಇಮಾನುಯೆಲ್‌ನ 1753ರ ಗ್ರಂಥದಂಥ ಕೃತಿ ಅವರಿಂದ ಬರಲೇ ಇಲ್ಲ.

ಬ್ರೆಮೆನ್‌ನ ವಾದ್ಯ

ಹಾರ್ಪ್ಸಿಕಾರ್ಡಿನ ಕೀಲಿಯನ್ನು ಒತ್ತಿದಾಗ ಅದರ ಇನ್ನೊಂದು ತುದಿಯಲ್ಲಿ ನಿಂತಿರುವ ಮರದ ಸಣ್ಣ ಪಟ್ಟಿ ಮೇಲೇಳುತ್ತದೆ. ಅದರ ಮಗ್ಗುಲಲ್ಲಿ ಸಿಕ್ಕಿಸಿದ ಹಕ್ಕಿಗರಿಯ ದಂಟಿನ ಚೂರು ತಂತಿಯನ್ನು ಮೀಟುತ್ತದೆ. ಬೆರಳು ಎತ್ತಿದರೆ ಪಟ್ಟಿ ಇಳಿದು, ಅದಕ್ಕೆ ಅಂಟಿಸಿದ ಬಟ್ಟೆಯ ತುಂಡು ತಂತಿಯ ನಾದವನ್ನು ಅಡಗಿಸುತ್ತದೆ. ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ನಾದದ ಗಾತ್ರ ಹೆಚ್ಚುಕಮ್ಮಿ ಒಂದೇ. ವೀಣೆಯಲ್ಲಿರುವಂತೆ ತಂತಿಯನ್ನು ಎಳೆದು ಗಮಕ ಹುಟ್ಟಿಸುವಂತೆಯೂ ಇಲ್ಲ. ವಾದಕನ ಸ್ವಾಧೀನದಲ್ಲಿರುವುದು ಎರಡೇ ಸಂಗತಿ: ಸ್ವರವನ್ನು ಯಾವಾಗ ಎಬ್ಬಿಸಬೇಕು, ಯಾವಾಗ ಬಿಡಬೇಕು.

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದ ಭಾರಿ ವಾದ್ಯಗಳಲ್ಲಿ ಈ ಎರಡರ ಸೂಕ್ಷ್ಮವೂ ಬೆರಳಿಗೆ ತಿಳಿಯುತ್ತಿರಲಿಲ್ಲ. ಬೋಸ್ಟನ್‌ನಲ್ಲಿ ಫ್ರಾಂಕ್ ಹಬ್ಬರ್ಡ್ ಮತ್ತು ವಿಲಿಯಂ ಡೌಡ್, ಬ್ರೆಮೆನ್‌ನಲ್ಲಿ ಮಾರ್ಟಿನ್ ಸ್ಕೊವ್ರೊನೆಕ್ ಹಳೆಯ ವಾದ್ಯಗಳನ್ನು ಅಳೆದು, ಅದೇ ಬಗೆಯ ಹಗುರ ಮರದ ಪೆಟ್ಟಿಗೆ, ತೆಳು ನಾದಫಲಕ, ಮುಚ್ಚಿದ ತಳ, ಗರಿಯ ಮೀಟು ಇಟ್ಟು ಕಟ್ಟತೊಡಗಿದರು. 1962ರಲ್ಲಿ ಸ್ಕೊವ್ರೊನೆಕ್ ಲಿಯೊನ್‌ಹಾರ್ಟ್ ಅವರಿಗಾಗಿ ಆಂಟ್‌ವರ್ಪ್‌ನ ಡುಲ್ಕೆನ್‌ನ 1745ರ ವಾದ್ಯದ ಮಾದರಿಯಲ್ಲಿ ಒಂದನ್ನು ಕಟ್ಟಿಕೊಟ್ಟರು. 1960ರ ದಶಕದ ಹಲವು ಧ್ವನಿಮುದ್ರಣಗಳಲ್ಲಿ ಕೇಳುವುದು ಅದರ ನಾದವೇ. 1953ರಲ್ಲಿ ಅವರು ನುಡಿಸಿದ ಬಾಖ್‌ನ 'ಗೋಲ್ಡ್‌ಬರ್ಗ್' ರೂಪಾಂತರಗಳನ್ನೂ ಈ ವಾದ್ಯ ಬಂದ ನಂತರ ನುಡಿಸಿದ್ದನ್ನೂ ಒಂದರ ಹಿಂದೊಂದು ಕೇಳಿದರೆ, ಬದಲಾದದ್ದು ಅವರ ಅಭಿಪ್ರಾಯವೋ ಬೆರಳೋ ಎಂಬ ಪ್ರಶ್ನೆ ಏಳುತ್ತದೆ. ಬೆರಳು ಎನ್ನುವುದು ನನ್ನ ಉತ್ತರ. ಲಕ್ಷಣಗ್ರಂಥಗಳು ಆಗಲೂ ಅವರ ಬಳಿ ಇದ್ದವು. ಅವುಗಳಲ್ಲಿ ಹೇಳಿದ್ದನ್ನು ಮಾಡಿ ತೋರಿಸಿದರೆ ಹೌದು ಅಥವಾ ಅಲ್ಲ ಎನ್ನುವ ವಾದ್ಯ ಇರಲಿಲ್ಲ. ಗುರು ಇಲ್ಲದ ಕಡೆ ತಿದ್ದುವ ಕೆಲಸವನ್ನು ಬ್ರೆಮೆನ್‌ನ ಈ ಪೆಟ್ಟಿಗೆ ಮಾಡಿತು.

ಈ ನಂಟಿನಲ್ಲಿ ಒಂದು ತಮಾಷೆಯೂ ಇದೆ. 1980ರ ದಶಕದಲ್ಲಿ ಸ್ಕೊವ್ರೊನೆಕ್ ಹಳೆಯ ಫ್ರೆಂಚ್ ಶೈಲಿಯ ವಾದ್ಯವೊಂದನ್ನು ಕಟ್ಟಿ, ರೂಆಂ ಪಟ್ಟಣದ ನಿಕೊಲಾ ಲೆಫೆಬ್ರ್ 1755ರಲ್ಲಿ ತಯಾರಿಸಿದ್ದು ಎಂದು ಅದರ ಮೇಲೆ ಹೆಸರು ಹಾಕಿದರು. ಲಿಯೊನ್‌ಹಾರ್ಟ್ ಗುಟ್ಟು ತಿಳಿದೇ ಅದರ ಮೇಲೆ ನುಡಿಸಿದರು. ಬಲ್ಲವರೂ ಅದನ್ನು ಹದಿನೆಂಟನೆಯ ಶತಮಾನದ ವಾದ್ಯವೆಂದೇ ನಂಬಿದರು. ಮೋಸದ ಉದ್ದೇಶವಿಲ್ಲದ ನಕಲು ಎಂಬ ವಿವರಣೆಯೊಡನೆ ಸ್ಕೊವ್ರೊನೆಕ್ ತಾವೇ 2002ರಲ್ಲಿ ಗ್ಯಾಲ್ಪಿನ್ ಸೊಸೈಟಿಯ ಪತ್ರಿಕೆಯಲ್ಲಿ ಇಡೀ ಕಥೆಯನ್ನು ಬರೆದರು. ಇದರಿಂದ ಲಿಯೊನ್‌ಹಾರ್ಟ್ ಅವರ ಪ್ರಾಮಾಣಿಕತೆಗೆ ಕುಂದು ಎಂದವರೂ ಇದ್ದಾರೆ. ಮುದ್ರಿಕೆಯ ಹೊದಿಕೆಯ ಮೇಲೆ ಸುಳ್ಳು ಹೆಸರು ಅಚ್ಚಾಗಿದ್ದು ಸರಿಯಲ್ಲ, ನಿಜ. ಆದರೆ ಹಳೆಯದು ಎಂಬ ಕಾರಣಕ್ಕೇ ವಾದ್ಯವನ್ನು ಪೂಜಿಸುವವರ ಕಿವಿಯನ್ನು ಇಷ್ಟು ನಿಖರವಾಗಿ ಪರೀಕ್ಷಿಸಿದ ಪ್ರಯೋಗ ಇನ್ನೊಂದಿಲ್ಲ.

ಸ್ವರ ಮತ್ತು ಸಂದು

ಅವರ ವಾದನದ ಮುಖ್ಯ ತಂತ್ರವನ್ನು ಹತ್ತಿರದಿಂದ ನೋಡಬೇಕು. ನಾಲ್ಕು ಸಮಸ್ವರಗಳ ಒಂದು ಗುಂಪನ್ನು ತೆಗೆದುಕೊಳ್ಳೋಣ. ಹದಿನೇಳು, ಹದಿನೆಂಟನೆಯ ಶತಮಾನದ ಲಕ್ಷಣಕಾರರ ಪ್ರಕಾರ ಇವು ಬರವಣಿಗೆಯಲ್ಲಿ ಸಮ. ನುಡಿಸುವಾಗ ಮೊದಲನೆಯದೂ ಮೂರನೆಯದೂ ಗುರು, ಉಳಿದವು ಲಘು. ಹಾರ್ಪ್ಸಿಕಾರ್ಡಿನಲ್ಲಿ ಗುರುಸ್ವರವನ್ನು ಜೋರಾಗಿಸಲಾಗುವುದಿಲ್ಲ. ಲಿಯೊನ್‌ಹಾರ್ಟ್ ಅದನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತಾರೆ, ಮುಂದಿನ ಸ್ವರ ಬಂದ ಮೇಲೂ ಎಳೆಯಷ್ಟು ಉಳಿಸುತ್ತಾರೆ. ಗುಂಪಿನ ಕೊನೆಯ ಲಘುಸ್ವರವನ್ನು ಬೇಗ ಬಿಡುತ್ತಾರೆ. ಹಾಗೆ ಬಿಟ್ಟಾಗ ಹುಟ್ಟುವ ಸಣ್ಣ ಸಂದಿನ ನಂತರ ಬರುವ ಸ್ವರ ಒತ್ತಿ ಹೇಳಿದಂತೆ ಕೇಳುತ್ತದೆ. ಎಡಗೈಯ ಮಂದ್ರ ಸ್ವರ ಮೊದಲು, ಬಲಗೈಯದು ಕಣ್ಣೆವೆಯಷ್ಟು ತಡವಾಗಿ. ಸ್ವರಗುಚ್ಛವನ್ನು ಒಮ್ಮೆಲೆ ಒತ್ತದೆ ಕೆಳಗಿನಿಂದ ಬಿಡಿಸುವುದು. ಎಷ್ಟು ವೇಗವಾಗಿ ಬಿಡಿಸಬೇಕೆಂಬುದನ್ನು ಸಂದರ್ಭಕ್ಕೆ ಬಿಡುವುದು. ಗಾತ್ರದಿಂದ ಆಗಬೇಕಾದದ್ದೆಲ್ಲ ಕಾಲದಿಂದ ಆಗುತ್ತದೆ.

ಇದು ಎಲ್ಲಕ್ಕಿಂತ ಚೆನ್ನಾಗಿ ಕೇಳುವುದು ಫ್ರೋಬರ್ಗರ್‌ನಲ್ಲಿ. ವಿಯೆನ್ನಾ ಆಸ್ಥಾನದ ಈ ವಾದಕನನ್ನು ಬಾಖ್‌ನ ನೆರಳಿನಿಂದ ಹೊರಗೆ ತಂದವರಲ್ಲಿ ಲಿಯೊನ್‌ಹಾರ್ಟ್ ಮುಖ್ಯರು. 1652ರಲ್ಲಿ ಪ್ಯಾರಿಸ್‌ನ ಲ್ಯೂಟ್ ವಾದಕ ಬ್ಲಾಂಕ್ರೊಶೆ ಮೆಟ್ಟಿಲಿನಿಂದ ಬಿದ್ದು ಸತ್ತ. ಗೆಳೆಯನಿಗಾಗಿ ಫ್ರೋಬರ್ಗರ್ ಬರೆದ ಶೋಕಗೀತೆಯ ಕೊನೆಯಲ್ಲಿ ಸ್ವರಗಳು ಒಂದೊಂದೇ ಇಳಿಯುತ್ತ ಕೀಲಿಮಣೆಯ ಮಂದ್ರ ತುದಿಯನ್ನು ಮುಟ್ಟುತ್ತವೆ. ತಾಳವನ್ನು ಗಮನಿಸದೆ, ವಿವೇಚನೆಯಿಂದ, ಬಹಳ ನಿಧಾನವಾಗಿ ನುಡಿಸಬೇಕೆಂಬ ಸೂಚನೆ ಆ ರಚನೆಗಿದೆ. ಎಣಿಸಿ ನುಡಿಸಿದರೆ ಅದು ಬರೀ ಸ್ವರಾಭ್ಯಾಸದ ಅವರೋಹಣವಾಗುತ್ತದೆ. ಲಿಯೊನ್‌ಹಾರ್ಟ್ ಕೈಯಲ್ಲಿ ಪ್ರತಿ ಸ್ವರವೂ ಹಿಂದಿನದರ ನಾದ ಎಷ್ಟು ಉಳಿದಿದೆ ಎಂದು ನೋಡಿಕೊಂಡು ಬರುತ್ತದೆ. ಶೋಕದ ಅಭಿನಯವಂತೂ ಇಲ್ಲ.

ಲೂಯಿ ಕೂಪೆರಾಂನ ತಾಳವಿಲ್ಲದ ಪೀಠಿಕೆಗಳಲ್ಲಿ ಸಮಸ್ಯೆ ಇನ್ನೂ ತೀವ್ರ. ಅಲ್ಲಿ ಎಲ್ಲ ಸ್ವರಗಳೂ ಒಂದೇ ಬಗೆಯ ಚಿಹ್ನೆಯಲ್ಲಿವೆ, ಮೇಲೆ ಉದ್ದನೆಯ ಬಾಗುಗೆರೆಗಳು ಮಾತ್ರ. ನಮ್ಮ ಆಲಾಪನೆಯ ನೆನಪಾಗುವುದು ಸಹಜವೇ. ಆದರೆ ಆಲಾಪನೆಯಲ್ಲಿ ರಾಗ ಗೊತ್ತು, ಸ್ವರಗಳ ಜೋಡಣೆ ಗಾಯಕನದು. ಇಲ್ಲಿ ಸ್ವರಗಳು ಗೊತ್ತು, ಕಾಲ ವಾದಕನದು. ಮನೋಧರ್ಮಕ್ಕೆ ಎರಡೂ ಕಡೆ ಎಡೆಯಿದೆ, ಬೇರೆ ಬೇರೆ ಬಾಗಿಲುಗಳಿಂದ.

ಶಿಷ್ಯರು

ಇಂಥ ತಂತ್ರವನ್ನು ಬರೆದಿಡುವುದು ಏಕೆ ಕಷ್ಟವೆಂದು ಈಗ ಸ್ಪಷ್ಟವಾಗುತ್ತದೆ. 'ಎಳೆಯಷ್ಟು ತಡ' ಎಂದು ಬರೆದರೆ ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. ಎಷ್ಟೆಂದು ಬರೆದರೆ ತಂತ್ರ ಅಲ್ಲಿಗೆ ಸಾಯುತ್ತದೆ. ಆದ್ದರಿಂದಲೇ ಆಮ್‌ಸ್ಟರ್‌ಡಾಮ್‌ಗೆ ಹಲವು ದೇಶಗಳಿಂದ ವಿದ್ಯಾರ್ಥಿಗಳು ಬಂದರು. ಅಮೆರಿಕದ ಆಲನ್ ಕರ್ಟಿಸ್ 1950ರ ದಶಕದ ಕೊನೆಯಲ್ಲೇ ಬಂದು ಕಲಿತು, ಸ್ವೇಲಿಂಕ್ ಕುರಿತು ಪುಸ್ತಕ ಬರೆದು, ಮುಂದೆ ಮೊಂಟೆವರ್ಡಿ ಮತ್ತು ಹ್ಯಾಂಡಲ್‌ರ ಒಪೆರಾಗಳಿಗೆ ತೊಡಗಿದರು. ಇಂಗ್ಲೆಂಡಿನ ಕ್ರಿಸ್ಟೊಫರ್ ಹೊಗ್‌ವುಡ್ 1973ರಲ್ಲಿ 'ಅಕಾಡೆಮಿ ಆಫ್ ಏನ್ಷಿಯೆಂಟ್ ಮ್ಯೂಸಿಕ್' ಕಟ್ಟಿದರು. ಟಾನ್ ಕೋಪ್‌ಮನ್, ಬಾಬ್ ಫಾನ್ ಆಸ್ಪೆರೆನ್, ಪಿಯೆರ್ ಆಂಟಾಯಿ, ಸ್ಕಿಪ್ ಸೆಂಪೆ ಎಲ್ಲರೂ ಅವರ ಬಳಿ ಕಲಿತವರು. 1969ರ 'ಫ್ಯೂಗ್ ಕಲೆ' ಧ್ವನಿಮುದ್ರಣದಲ್ಲಿ, ಒಬ್ಬನ ಎರಡು ಕೈ ಸಾಲದ ಕಡೆ, ಎರಡನೆಯ ಹಾರ್ಪ್ಸಿಕಾರ್ಡಿನ ಮುಂದೆ ಕೂತವರು ಫಾನ್ ಆಸ್ಪೆರೆನ್. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. 1952ರ ಪುಸ್ತಕದ ವಾದಕ್ಕೆ ತೊಡಕಾಗಿದ್ದ ಪುಟಗಳನ್ನು ನುಡಿಸಲು ಶಿಷ್ಯನೇ ಜೊತೆಯಾದದ್ದು ಗಮನಿಸಬೇಕಾದ ಸಂಗತಿ.

ಈ ಶಿಷ್ಯರಲ್ಲಿ ಯಾರೂ ಗುರುವಿನಂತೆ ನುಡಿಸುವುದಿಲ್ಲ. ಧಾರವಾಡದ ಕಡೆಯ ಕೇಳುಗರು ನಾಲ್ಕು ತಾನ ಕೇಳಿ ಘರಾಣೆ ಹೇಳಿಬಿಡುತ್ತಾರೆ. ಇಲ್ಲಿ ಅದು ನಡೆಯದು. ಕೋಪ್‌ಮನ್ ಚುರುಕು, ಅಲಂಕಾರ ಧಾರಾಳ, ಕೆಲವೊಮ್ಮೆ ಅತಿ. ಗುರು ಮಿತಭಾಷಿ, ವೇದಿಕೆಯಲ್ಲಿ ನೆಟ್ಟಗೆ ಕೂತು, ಮುಖದಲ್ಲಿ ಏನನ್ನೂ ತೋರದೆ ನುಡಿಸುತ್ತಿದ್ದವರು. ಇವರೆಲ್ಲರಿಗೂ ಸಾಮಾನ್ಯವಾಗಿರುವುದು ಸ್ವರವನ್ನು ಬಿಡುವ ಬಗೆ ಮಾತ್ರ. ಶೈಲಿಯನ್ನಲ್ಲ, ಕೇಳಿಸಿಕೊಳ್ಳುವ ಕ್ರಮವನ್ನು ಕಲಿಸಿದರು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಬಾಖ್‌ನ ಚರ್ಚ್ ಕಾಂಟಾಟಾಗಳ ವಿಚಾರದಲ್ಲಿ ಈ ಭಿನ್ನತೆ ದಾಖಲಾಗಿದೆ. ವಿಯೆನ್ನಾ ದಿನಗಳ ಗೆಳೆಯ ನಿಕೊಲಾಸ್ ಹಾರ್ನೊನ್‌ಕೂರ್ ಜೊತೆ ಹಂಚಿಕೊಂಡು ಲಿಯೊನ್‌ಹಾರ್ಟ್ 1971ರಿಂದ ಸುಮಾರು ಎರಡು ದಶಕ ಇವನ್ನು ಮುದ್ರಿಸಿದರು. ಹಳೆಯ ಬಗೆಯ ವಾದ್ಯಗಳು. ವೃಂದಗಾನದ ಮೇಲ್ಧ್ವನಿಗೆ ಹೆಂಗಸರ ಬದಲು ಹುಡುಗರು. ಮೊದಮೊದಲ ತಟ್ಟೆಗಳ ಜೊತೆ ಸ್ವರಲಿಪಿಯ ಪುಸ್ತಕವನ್ನೂ ಇಟ್ಟು ಮಾರಿದ್ದರಿಂದ ಮನೆಯಲ್ಲಿ ಕೂತು ಪರೀಕ್ಷಿಸುವ ಕೇಳುಗರು ಹುಟ್ಟಿಕೊಂಡರು. ಈ ಕೆಲಸ ನಡೆಯುತ್ತಿರುವಾಗಲೇ, 1980ರಲ್ಲಿ, ಇಬ್ಬರಿಗೂ ಜಂಟಿಯಾಗಿ ಎರಾಸ್ಮಸ್ ಪ್ರಶಸ್ತಿ ಬಂತು. ಮುಂದೆ ಕೋಪ್‌ಮನ್ ಇಡೀ ಕಾಂಟಾಟಾ ರಾಶಿಯನ್ನು ಮತ್ತೆ ಮುದ್ರಿಸಿದಾಗ ಹುಡುಗರನ್ನು ಬಿಟ್ಟು ಗಾಯಕಿಯರನ್ನು ತಂದರು. ಕೋಪ್‌ಮನ್ ಅವರ ಶಿಷ್ಯ ಜಪಾನಿನ ಮಸಾಕಿ ಸುಜುಕಿ 1995ರಿಂದ 2013ರವರೆಗೆ ಅದನ್ನೇ ಮೂರನೆಯ ಬಗೆಯಲ್ಲಿ ಮಾಡಿದರು. ಒಂದೇ ಗ್ರಂಥರಾಶಿಗೆ ಮೂರು ತಲೆಮಾರಿನ ಮೂರು ಪಾಠ.

ಸ್ಟ್ರೌಬ್ ಮತ್ತು ಉಯಿಲೆ ದಂಪತಿಯ 1968ರ ಚಲನಚಿತ್ರದಲ್ಲಿ ಲಿಯೊನ್‌ಹಾರ್ಟ್ ಬಾಖ್‌ನ ಪಾತ್ರ ಮಾಡಿದ್ದನ್ನು ಇಲ್ಲಿ ಹೇಳಿದರೆ ಸಾಕು. ಅವರು ನಟಿಸುವುದಿಲ್ಲ, ಕೃತಕ ಕೂದಲು ತೊಟ್ಟು ಕ್ಯಾಮರಾದ ಮುಂದೆ ನಿಜವಾಗಿ ನುಡಿಸುತ್ತಾರೆ, ಧ್ವನಿಯೂ ಆ ಹೊತ್ತಿನದೇ. ಅವರ ಕೈಗಳ ಚಲನೆ ನೋಡಬಯಸುವವರಿಗೆ ಆ ಚಿತ್ರ ಇಂದಿಗೂ ಒಳ್ಳೆಯ ಆಕರ.

ಒಂದು ಆಕ್ಷೇಪ

ಸಂಗೀತ ವಿದ್ವಾಂಸ ರಿಚರ್ಡ್ ಟಾರುಸ್ಕಿನ್ 1980ರ ದಶಕದಿಂದ ಎತ್ತಿದ ಆಕ್ಷೇಪ ಈ ಇಡೀ ಚಳವಳಿಗೆ ಸಂಬಂಧಿಸಿದ್ದು: ಇವರು ಚರಿತ್ರೆಯೆಂದು ಕೊಡುತ್ತಿರುವುದು ಇಪ್ಪತ್ತನೆಯ ಶತಮಾನದ ಅಭಿರುಚಿಯನ್ನು, ಭಾವಾತಿರೇಕವನ್ನು ಒಲ್ಲದ ಆಧುನಿಕರ ಒಣ ಖಚಿತತೆಯನ್ನು. ಕೆಲವು ಮೇಳಗಳ ಬಗ್ಗೆ ಇದು ಪೂರ್ತಿ ನಿಜ. ಲಿಯೊನ್‌ಹಾರ್ಟ್ ಬಗ್ಗೆ ಅರ್ಧ ನಿಜ. ಅವರ ಸಂಯಮದಲ್ಲಿ ಅವರ ಕಾಲದ, ಅವರ ವರ್ಗದ ಛಾಯೆ ಇದ್ದೇ ಇದೆ. ಆದರೆ ಅಧಿಕೃತತೆಯನ್ನೇ ಗುರಿ ಮಾಡಿಕೊಂಡವನ ವಾದನ ಯಾರಿಗೂ ನಾಟುವುದಿಲ್ಲ, ನಾಟುವಂತೆ ನುಡಿಸಿದರೆ ಅಧಿಕೃತವೆನಿಸೀತು ಎಂಬ ಅರ್ಥದ ಮಾತನ್ನು ಈ ಆಕ್ಷೇಪಕ್ಕೂ ಮೊದಲೇ ಆಡಿದ್ದವರು ಅವರು. ಧ್ವನಿಮುದ್ರಣಗಳಿಂದ ಕಲಿತವರಿಗೆ ಈ ಎಚ್ಚರ ದಾಟಲಿಲ್ಲ. ಗ್ರಾಮಫೋನ್ ತಟ್ಟೆ ಕೇಳಿ ದೊಡ್ಡ ಗಾಯಕರನ್ನು ಹಾಗೇ ಒಪ್ಪಿಸುತ್ತಿದ್ದ ಬಾಲಕ ಕುಮಾರ ಗಂಧರ್ವರು ಮುಂದೆ ತಮ್ಮದೇ ದಾರಿ ಹಿಡಿದರು. ಆದರೆ ಲಿಯೊನ್‌ಹಾರ್ಟ್ ಅವರ 'ಎಳೆಯಷ್ಟು ತಡ'ವನ್ನು ತಟ್ಟೆಯಿಂದ ಕಲಿತ ಅನೇಕರಲ್ಲಿ ಅದು ಎಲ್ಲ ಬಾರ್‌ಗಳಲ್ಲೂ ಒಂದೇ ಅಳತೆಯಲ್ಲಿ ಬರುವ ಚಾಳಿಯಾಗಿ ನಿಂತಿತು.

ಕಟ್ಟಾ ಶುದ್ಧತಾವಾದಿ ಎಂಬ ಹಣೆಪಟ್ಟಿ ಅವರಿಗೆ ಒಪ್ಪುವುದಿಲ್ಲ ಎನ್ನಲು ಬಲವಾದ ಆಧಾರ ಅವರೇ ಮಾಡಿಕೊಂಡ ರೂಪಾಂತರಗಳು. ಬಾಖ್‌ನ ಒಂಟಿ ಪಿಟೀಲಿನ ಕೃತಿಗಳನ್ನು ಅವರು ಹಾರ್ಪ್ಸಿಕಾರ್ಡಿಗೆ ಇಳಿಸಿ ನುಡಿಸಿದರು, ಮುದ್ರಿಸಿದರು. ಆ ಕೃತಿಗಳಲ್ಲಿ ಪಿಟೀಲು ಸೂಚಿಸಿ ಬಿಡುವ ಮಂದ್ರದ ಸಾಲನ್ನು ಎಡಗೈ ಇಲ್ಲಿ ಬಿಡಿಸಿ ಹೇಳಬೇಕು. ಅಂದರೆ ಬಾಖ್ ಬರೆಯದ ಸ್ವರಗಳನ್ನು ಬರೆಯಬೇಕು. ಅಪೂರ್ಣ ಫ್ಯೂಗ್‌ಗೆ ಒಂದು ಸ್ವರ ಸೇರಿಸಲೂ ಒಪ್ಪದವರು ಇಲ್ಲಿ ನೂರಾರು ಸೇರಿಸಿದರು. ಡಿ ಮೈನರ್‌ನ ಪಾರ್ಟಿಟಾವನ್ನು, ಅದರ ಕೊನೆಯ ದೀರ್ಘ ಶಕೊನ್ ಸಹಿತ, ಜಿ ಮೈನರ್‌ಗೆ, ಅಂದರೆ ಐದು ಸ್ವರದಷ್ಟು ಕೆಳಕ್ಕೆ, ಇಳಿಸಿದರು. ಇದಕ್ಕೆ ಹಳೆಯ ಮಾದರಿಯೂ ಇದೆ. ಪಿಟೀಲಿನ ಎ ಮೈನರ್ ಸೊನಾಟಾದ ಕೀಲಿಮಣೆ ರೂಪವೊಂದು ಬಾಖ್‌ನ ಹೆಸರಿನಲ್ಲೇ ಬಂದಿದೆ. ಅದು ಇರುವುದು ಡಿ ಮೈನರ್‌ನಲ್ಲಿ: ಅದೂ ಐದು ಸ್ವರ ಕೆಳಗೆ.